ಕಕ್ಷೆಗೆ ಹೋಗದ ರಾಕೆಟ್ಟನ್ನು ಏಕೆ ಕಟ್ಟಬೇಕು?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮ ದೇಶದ ಖಾಸಗಿ ಕಂಪನಿಗಳು ಹಾರಿಸಿದ ವಿಕ್ರಮ್-ಎಸ್, ಅಗ್ನಿಬಾಣದಂತಹ ರಾಕೆಟ್‌ಗಳು ಕಕ್ಷೆಗೆ ಹೋಗದೆ ಕೆಲವೇ ನಿಮಿಷಗಳಲ್ಲಿ ಸಮುದ್ರಕ್ಕೆ ಬಿದ್ದವು. ಉಪಗ್ರಹವನ್ನು ಕಕ್ಷೆಗೆ ಸೇರಿಸದ ರಾಕೆಟ್‌ಗೆ ಇಷ್ಟೊಂದು ಹಣ, ಶ್ರಮ ಏಕೆ? ನೂರು ಕಿಲೋಮೀಟರ್ ಎತ್ತರ ಮುಟ್ಟುವುದು ನಿಜವಾಗಿ ಎಷ್ಟು ಕಷ್ಟ? ನಮ್ಮ ಕಾಲೇಜಿನ ಏಳೆಂಟು ಮಂದಿ ಸೇರಿ ಅಂಥದ್ದೊಂದನ್ನು ಕಟ್ಟಬಹುದೇ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ನಡುವಿನದನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅದು ಸ್ಪಷ್ಟವಾದರೆ ಉಳಿದೆರಡಕ್ಕೆ ಉತ್ತರ ಹೇಳುವುದು ಸುಲಭ.

ಗಾಳಿಯ ತಡೆಯನ್ನು ಬದಿಗಿಟ್ಟು ನೋಡಿದರೆ, ನೇರವಾಗಿ ಮೇಲಕ್ಕೆ ಚಿಮ್ಮಿದ ವಸ್ತುವೊಂದು ಬಾಹ್ಯಾಕಾಶದ ಗಡಿಯೆಂದು ಎಣಿಸುವ 100 ಕಿ.ಮೀ. ಎತ್ತರ ಮುಟ್ಟಲು ಸೆಕೆಂಡಿಗೆ ಸುಮಾರು 1.4 ಕಿ.ಮೀ. ವೇಗ ಸಾಕು. ಪಿಯುಸಿಯಲ್ಲಿ ಕಲಿತ ಚಲನೆಯ ಸೂತ್ರದಿಂದಲೇ ನೀವು ಇದನ್ನು ಲೆಕ್ಕ ಹಾಕಬಹುದು. ಅದೇ ವಸ್ತು ಭೂಮಿಯ ಸುತ್ತ ಕೆಳಕಕ್ಷೆಯಲ್ಲಿ ನಿಲ್ಲಬೇಕಾದರೆ ಸೆಕೆಂಡಿಗೆ ಸುಮಾರು 7.8 ಕಿ.ಮೀ. ವೇಗ ಬೇಕು. ವೇಗದಲ್ಲಿ ಐದೂವರೆ ಪಟ್ಟು ಎಂದರೆ, ಚಲನಶಕ್ತಿ ವೇಗದ ವರ್ಗದಂತೆ ಬೆಳೆಯುವುದರಿಂದ, ಪ್ರತಿ ಕಿಲೋಗ್ರಾಂಗೆ ಸುಮಾರು ಮೂವತ್ತು ಪಟ್ಟು ಶಕ್ತಿ. ಬಾಹ್ಯಾಕಾಶವನ್ನು ಮುಟ್ಟುವುದಕ್ಕೂ ಬಾಹ್ಯಾಕಾಶದಲ್ಲಿ ಉಳಿಯುವುದಕ್ಕೂ ಇರುವ ಅಂತರ ಇದು. ಹೀಗೆ ಉಪಕರಣ ಹೊತ್ತು ಮೇಲೇರಿ, ಕಕ್ಷೆಗೆ ಸೇರದೆ ಮರಳಿ ಬೀಳುವ ರಾಕೆಟ್ಟನ್ನು ಸೌಂಡಿಂಗ್ ರಾಕೆಟ್ ಎನ್ನುತ್ತಾರೆ. ಹಲವರು ತಪ್ಪಾಗಿ ತಿಳಿದಿರುವಂತೆ ಅದು ಅರ್ಧ ದಾರಿ ಹೋದ ಉಪಗ್ರಹ ವಾಹಕವಲ್ಲ; ಶಕ್ತಿಯ ಲೆಕ್ಕದಲ್ಲಿ ಅದು ದಾರಿಯ ಆರಂಭದಲ್ಲಿಯೇ ಇದೆ.

ಇಂಧನದ ಲೆಕ್ಕದಲ್ಲಿ ಈ ಅಂತರ ಇನ್ನೂ ಎದ್ದು ಕಾಣುತ್ತದೆ. ಗುರುತ್ವ ಮತ್ತು ಗಾಳಿಯ ನಷ್ಟವನ್ನು ಸೇರಿಸಿ ಸೆಕೆಂಡಿಗೆ 2 ಕಿ.ಮೀ.ನಷ್ಟು ವೇಗವನ್ನು ಗಳಿಸಬೇಕು ಎಂದಿಟ್ಟುಕೊಂಡರೆ, ಸಾಧಾರಣ ಘನ ಇಂಧನದ ಒಂದೇ ಹಂತದ ರಾಕೆಟ್‌ನಲ್ಲಿ ಒಟ್ಟು ತೂಕದ ಶೇ. 60ರಷ್ಟು ಇಂಧನವಿದ್ದರೆ ಕೆಲಸ ಆಗುತ್ತದೆ. ಉಳಿದ ಶೇ. 40ರಲ್ಲಿ ಕವಚ, ನಾಜಲ್ (ಬಿಸಿ ಅನಿಲ ಹೊರಚಿಮ್ಮುವ ಮೂತಿ), ಬಾಲದ ರೆಕ್ಕೆಗಳು, ಪ್ಯಾರಾಚೂಟು, ಉಪಕರಣ ಎಲ್ಲವೂ ಅಡಗಬಹುದು. ಕಕ್ಷೆಗೆ ಹೋಗುವ ವಾಹನದಲ್ಲಿ ಈ ಧಾರಾಳತನವಿಲ್ಲ. ಅಲ್ಲಿ ನೆಲ ಬಿಡುವಾಗಿನ ತೂಕದ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಇಂಧನವೇ ಆಗಿರುತ್ತದೆ, ಹಂತಗಳನ್ನು ಕಳಚುತ್ತ ಹೋಗದೆ ವಿಧಿಯಿಲ್ಲ. ಇದರಿಂದಾಗಿಯೇ ಸೌಂಡಿಂಗ್ ರಾಕೆಟ್ಟನ್ನು ಸಣ್ಣ ತಂಡವೂ ಕಟ್ಟಬಲ್ಲದು, ತುಸು ದಪ್ಪ ಕವಚವನ್ನೂ ತುಸು ಭಾರದ ನಾಜಲ್ಲನ್ನೂ ಅದು ಸಹಿಸಿಕೊಳ್ಳುತ್ತದೆ.

ಕಟ್ಟಿದ ಉದಾಹರಣೆಗಳೂ ಇವೆ. 2004ರ ಮೇ 17ರಂದು ಅಮೆರಿಕದ ನೆವಾಡಾ ರಾಜ್ಯದ ಬ್ಲ್ಯಾಕ್ ರಾಕ್ ಮರುಭೂಮಿಯಿಂದ ಹವ್ಯಾಸಿಗಳ ಒಂದು ತಂಡ ಹಾರಿಸಿದ ‘ಗೋಫಾಸ್ಟ್’ ಎಂಬ ಘನ ಇಂಧನದ ರಾಕೆಟ್ ಸುಮಾರು 116 ಕಿ.ಮೀ. ಎತ್ತರ ಮುಟ್ಟಿತು, ಹವ್ಯಾಸಿಗಳು ಕಟ್ಟಿದ ರಾಕೆಟ್ 100 ಕಿ.ಮೀ. ಗಡಿ ದಾಟಿದ್ದು ಅದೇ ಮೊದಲು. ಅದಕ್ಕೆ ಮುನ್ನ ಅದೇ ತಂಡ 2000 ಮತ್ತು 2002ರಲ್ಲಿ ಪ್ರಯತ್ನಿಸಿ ಸೋತಿತ್ತು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಾವೇ ವಿನ್ಯಾಸ ಮಾಡಿ, ತಾವೇ ಮೋಟಾರು ತಯಾರಿಸಿದ ‘ಟ್ರಾವೆಲರ್-4’ 2019ರ ಏಪ್ರಿಲ್ 21ರಂದು ಸುಮಾರು 103 ಕಿ.ಮೀ. ತಲುಪಿತು. ಅದೇ ಪ್ರಯೋಗಾಲಯದ ಮುಂದಿನ ತಲೆಮಾರಿನ ವಿದ್ಯಾರ್ಥಿಗಳು 2024ರ ಅಕ್ಟೋಬರ್ 20ರಂದು ಹಾರಿಸಿದ ‘ಆಫ್ಟರ್‌ಶಾಕ್-2’ ಸುಮಾರು 143 ಕಿ.ಮೀ.ಗೆ ಏರಿತು. ಅದರ ಉದ್ದ ನಾಲ್ಕು ಮೀಟರಿನ ಆಸುಪಾಸು. ತೂಕ ಎರಡು ಮೋಟಾರ್‌ಸೈಕಲ್‌ಗಳಷ್ಟೂ ಇರಲಿಲ್ಲ.

ಹಾಗಾದರೆ ಕಷ್ಟ ಎಲ್ಲಿದೆ? ನನ್ನ ಅಭಿಪ್ರಾಯದಲ್ಲಿ ಅದು ಎತ್ತರದಲ್ಲಿಲ್ಲ, ಒಂದು ಭಾಗ ಇನ್ನೊಂದಕ್ಕೆ ಸೇರುವ ಜಾಗಗಳಲ್ಲಿದೆ. ಇಂಜಿನ್ ಪರೀಕ್ಷಾ ವೇದಿಕೆಯ ಮೇಲೆ ಚೆನ್ನಾಗಿ ಉರಿಯುತ್ತದೆ, ಕಂಪ್ಯೂಟರ್ ಮೇಜಿನ ಮೇಲೆ ಸರಿಯಾಗಿ ಓಡುತ್ತದೆ, ಪ್ಯಾರಾಚೂಟು ಡ್ರೋನಿನಿಂದ ಬಿಟ್ಟಾಗ ಸೊಗಸಾಗಿ ಬಿಚ್ಚಿಕೊಳ್ಳುತ್ತದೆ. ಮೂರನ್ನೂ ಒಂದೇ ಕೊಳವೆಯೊಳಗೆ ಸೇರಿಸಿ ಶಬ್ದದ ಐದು ಪಟ್ಟು ವೇಗಕ್ಕೆ ಒಯ್ದಾಗ ಮಾತ್ರ ಹೊಸ ತೊಂದರೆಗಳು ಹೊರಬೀಳುತ್ತವೆ. ಈ ತೊಂದರೆಗಳನ್ನು ಕಡಿಮೆ ಖರ್ಚಿನಲ್ಲಿ, ಯಾರ ಉಪಗ್ರಹವನ್ನೂ ಹಾಳುಮಾಡದೆ ಕಂಡುಕೊಳ್ಳುವುದೇ ಖಾಸಗಿ ಕಂಪನಿಗಳು ಇಂತಹ ರಾಕೆಟ್ ಕಟ್ಟುವುದಕ್ಕೆ ಮುಖ್ಯ ಕಾರಣ.

ಮೊದಲು ಸ್ಥಿರತೆಯನ್ನು ನೋಡಿ. ಮಾರ್ಗದರ್ಶನ ವ್ಯವಸ್ಥೆಯಿಲ್ಲದ ರಾಕೆಟ್ ಬಾಣದ ಹಾಗೆ ಬಾಲದ ಗರಿಗಳಿಂದಲೇ ನೇರವಾಗಿ ಹೋಗಬೇಕು. ಅದಕ್ಕೆ ಗಾಳಿಯ ಒತ್ತಡ ಕೇಂದ್ರವು (ಗಾಳಿಯ ಬಲವೆಲ್ಲ ಒಟ್ಟಾಗಿ ತಾಕುವ ಬಿಂದು) ಗುರುತ್ವ ಕೇಂದ್ರಕ್ಕಿಂತ ಹಿಂದೆ, ಕನಿಷ್ಠ ಒಂದೆರಡು ವ್ಯಾಸದಷ್ಟು ದೂರದಲ್ಲಿರಬೇಕು ಎಂಬುದು ನೀವು ಓದಿರುವ ನಿಯಮ. ಆದರೆ ಶಬ್ದದ ವೇಗವನ್ನು ದಾಟಿ ಮುಂದೆ ಹೋದಂತೆಲ್ಲ ರೆಕ್ಕೆಗಳ ಹಿಡಿತ ಕಡಿಮೆಯಾಗಿ ಒತ್ತಡ ಕೇಂದ್ರ ಮುಂದಕ್ಕೆ ಸರಿಯುತ್ತದೆ. ಕೆಳವೇಗದಲ್ಲಿ ಸುಭದ್ರವಾಗಿದ್ದ ರಾಕೆಟ್ ಮ್ಯಾಕ್ 4ರಲ್ಲಿ, ಅಂದರೆ ಶಬ್ದದ ನಾಲ್ಕು ಪಟ್ಟು ವೇಗದಲ್ಲಿ, ತಲೆ ಅಲ್ಲಾಡಿಸಬಹುದು. ಇದರ ಜೊತೆಗೆ ಸುತ್ತುವಿಕೆಯ ಸಮಸ್ಯೆಯೂ ಇದೆ. ರೆಕ್ಕೆಯನ್ನು ಜೋಡಿಸುವಾಗ ಕೂದಲೆಳೆಯಷ್ಟು ಓರೆಯಾದರೂ ರಾಕೆಟ್ ತನ್ನ ಅಕ್ಷದ ಸುತ್ತ ತಿರುಗತೊಡಗುತ್ತದೆ, ಆ ತಿರುಗುವಿಕೆಯ ದರವು ಮೂಗು ಮೇಲೆ ಕೆಳಗೆ ತೂಗುವ ಸಹಜ ದರಕ್ಕೆ ಸಮವಾದ ಗಳಿಗೆಯಲ್ಲಿ ಎರಡೂ ಒಂದಕ್ಕೊಂದು ಬಲ ಕೊಡುತ್ತ ಬೆಳೆಯುತ್ತವೆ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ‘ಸ್ಟ್ರಾಟೋಸ್-3’ 2018ರ ಜುಲೈನಲ್ಲಿ ಸ್ಪೇನಿನ ಕರಾವಳಿಯಿಂದ ಏರಿ ಸುಮಾರು 20 ಸೆಕೆಂಡುಗಳಲ್ಲಿ ಚೂರಾದದ್ದು ಇಂತಹ ಸುತ್ತುವಿಕೆಯ ಜೋಡಣೆಯಿಂದಲೇ. ಆ ರಾಕೆಟ್‌ನ ಇಂಜಿನ್ ಚೆನ್ನಾಗಿಯೇ ಕೆಲಸ ಮಾಡಿತ್ತು ಎಂಬುದನ್ನು ಗಮನಿಸಿ. ವಿಕ್ರಮ್-ಎಸ್‌ನಲ್ಲಿ ಈ ಸುತ್ತುವಿಕೆಯನ್ನು ಆಕಸ್ಮಿಕಕ್ಕೆ ಬಿಡದೆ, 3ಡಿ ಮುದ್ರಿತ ಸಣ್ಣ ಥ್ರಸ್ಟರ್‌ಗಳಿಂದ (ಪಕ್ಕಕ್ಕೆ ತಳ್ಳುವ ಪುಟ್ಟ ಇಂಜಿನ್‌ಗಳಿಂದ) ರಾಕೆಟ್ಟನ್ನು ಬೇಕೆಂದೇ ತಿರುಗಿಸಿ ಸ್ಥಿರಗೊಳಿಸಿದರು.

ಎತ್ತರವನ್ನು ಅಳೆಯುವುದು ಇದಕ್ಕಿಂತ ಸುಲಭವೆಂದು ಹೊರಗಿನವರಿಗೆ ತೋರುತ್ತದೆ, ವಾಸ್ತವ ಬೇರೆ. ಮಾರುಕಟ್ಟೆಯಲ್ಲಿ ಸಿಗುವ ಬಹುತೇಕ ಜಿಪಿಎಸ್ ಗ್ರಾಹಕಗಳು, ಕ್ಷಿಪಣಿಗಳಲ್ಲಿ ಬಳಕೆಯಾಗಬಾರದೆಂಬ ರಫ್ತು ನಿಯಂತ್ರಣದ ಕಾರಣಕ್ಕೆ, ಸುಮಾರು 18 ಕಿ.ಮೀ. ಎತ್ತರ ಅಥವಾ ಸೆಕೆಂಡಿಗೆ 515 ಮೀಟರ್ ವೇಗದ ಮಿತಿ ದಾಟಿದರೆ ತಾವಾಗಿ ಮೌನವಾಗುತ್ತವೆ. ಗಾಳಿಯ ಒತ್ತಡದಿಂದ ಎತ್ತರ ತಿಳಿಸುವ ಸಂವೇದಕಕ್ಕೆ ಮೂವತ್ತು ಕಿಲೋಮೀಟರಿನ ಮೇಲೆ ಅಳೆಯಲು ಒತ್ತಡವೇ ಉಳಿದಿರುವುದಿಲ್ಲ. ಕೊನೆಗೆ ವೇಗವರ್ಧನೆಯ ಅಳತೆಯನ್ನು ಎರಡು ಸಲ ಸಂಕಲಿಸಿ ಎತ್ತರ ಕಂಡುಹಿಡಿಯಬೇಕು; ಆಗ ಸಂವೇದಕದ ಸಣ್ಣ ದೋಷವೂ ಕಾಲ ಕಳೆದಂತೆ ಕಿಲೋಮೀಟರುಗಳಾಗಿ ಬೆಳೆಯುತ್ತದೆ. ಟ್ರಾವೆಲರ್-4ರ ವಿದ್ಯಾರ್ಥಿಗಳು ತಮ್ಮ ಎತ್ತರವನ್ನು ಐದು ಕಿಲೋಮೀಟರ್ ಆಚೀಚೆಯ ಅನಿಶ್ಚಿತತೆಯೊಂದಿಗೆ ಪ್ರಕಟಿಸಿ, ಗಡಿ ದಾಟಿರುವ ಸಾಧ್ಯತೆ ಶೇ. 90 ಎಂದು ಹೇಳಿದರು. ಇಂತಹ ಪ್ರಾಮಾಣಿಕ ವರದಿ ನನಗೆ ಆ ಹಾರಾಟದಷ್ಟೇ ದೊಡ್ಡ ಸಾಧನೆಯಾಗಿ ಕಾಣುತ್ತದೆ, ನಿಮ್ಮ ತಂಡ ಮೊದಲ ದಿನದಿಂದಲೇ ಇದನ್ನು ರೂಢಿಸಿಕೊಳ್ಳಬೇಕು.

ಅದೇ ವಿದ್ಯಾರ್ಥಿಗಳು ಹಿಂದಿನ ವರ್ಷ, 2018ರ ಸೆಪ್ಟೆಂಬರಿನಲ್ಲಿ, ಟ್ರಾವೆಲರ್-3ನ್ನು ಹಾರಿಸಿದ್ದರು. ಮೋಟಾರು ಸರಿಯಾಗಿಯೇ ಉರಿದು ರಾಕೆಟ್ ಬಹಳ ಮೇಲಕ್ಕೆ ಹೋಯಿತು, ಆದರೆ ಉಡಾವಣೆಗೆ ಮೊದಲು ಒಳಗಿನ ಎಲೆಕ್ಟ್ರಾನಿಕ್ಸ್ ಘಟಕವನ್ನು ಚಾಲೂ ಮಾಡಿರಲಿಲ್ಲ. ದತ್ತಾಂಶ ದಾಖಲಾಗಲಿಲ್ಲ, ಪ್ಯಾರಾಚೂಟು ಬಿಚ್ಚಲಿಲ್ಲ, ಎಷ್ಟು ಎತ್ತರ ಹೋಯಿತೆಂದು ಹೇಳಲು ಯಾವ ಆಧಾರವೂ ಉಳಿಯಲಿಲ್ಲ. ಉಡಾವಣಾ ಹಳಿಯ ಮೇಲೆ ನಿಂತ ರಾಕೆಟ್‌ನ ಹತ್ತಿರ ಹೋಗಿ ನೋಡಿದರೆ ಇದು ಹೇಗಾಗುತ್ತದೆಂದು ಅರ್ಥವಾಗುತ್ತದೆ. ಮೂಗಿನ ಬುಡದಲ್ಲಿ ಬೆರಳು ತೂರದಷ್ಟು ಸಣ್ಣ ರಂಧ್ರಗಳಿರುತ್ತವೆ. ಅವುಗಳ ಒಳಗಿನ ತಿರುಪಿನ ಸ್ವಿಚ್ಚನ್ನು ಉದ್ದನೆಯ ಸ್ಕ್ರೂಡ್ರೈವರಿನಿಂದ ಕಾಲು ಸುತ್ತು ತಿರುಗಿಸಿ, ಕಿವಿಯಿಟ್ಟು ಬಜರ್‌ನ ಬೀಪ್‌ಗಳನ್ನು ಎಣಿಸಬೇಕು. ಎಷ್ಟು ಬೀಪ್ ಬಂದರೆ ಬ್ಯಾಟರಿ ಸರಿ, ಎಷ್ಟು ಬಂದರೆ ಪ್ಯಾರಾಚೂಟಿನ ಸ್ಫೋಟಕ ಸರ್ಕ್ಯೂಟು ಸರಿ ಎಂಬ ಸಂಕೇತವಿರುತ್ತದೆ. ಹೊರಗೆ ಗಾಳಿ ಬೀಸುತ್ತಿರುತ್ತದೆ, ಕೌಂಟ್‌ಡೌನ್ ಹತ್ತಿರ ಬಂದಿರುತ್ತದೆ, ಹಳಿಯ ಬಳಿ ಇರಲು ಇಬ್ಬರಿಗಷ್ಟೇ ಅನುಮತಿಯಿರುತ್ತದೆ. ಆ ಎರಡು ನಿಮಿಷಗಳ ಕೆಲಸವನ್ನು ಕಾಗದದ ಪಟ್ಟಿ ಹಿಡಿದು, ಒಬ್ಬರು ಓದಿ ಇನ್ನೊಬ್ಬರು ಮಾಡಿ ಸಹಿ ಹಾಕುವ ಪದ್ಧತಿ ಇಲ್ಲದ ತಂಡಕ್ಕೆ ಎಷ್ಟು ಒಳ್ಳೆಯ ಮೋಟಾರಿದ್ದರೂ ಪ್ರಯೋಜನವಿಲ್ಲ.

ಇಂತಹ ಸಣ್ಣ ಕಾರಣಗಳು ವಿದ್ಯಾರ್ಥಿಗಳಿಗಷ್ಟೇ ಸೀಮಿತವಲ್ಲ. ಡೆನ್ಮಾರ್ಕಿನ ‘ಕೋಪನ್‌ಹೇಗನ್ ಸಬ್‌ಆರ್ಬಿಟಲ್ಸ್’ ಎಂಬ ಸ್ವಯಂಸೇವಕರ ತಂಡ 2010ರಲ್ಲಿ ಬಾಲ್ಟಿಕ್ ಸಮುದ್ರದ ಮೇಲಿನ ತೇಲುವೇದಿಕೆಯಿಂದ ಮೊದಲ ಉಡಾವಣೆಗೆ ಸಿದ್ಧವಾದಾಗ, ದ್ರವ ಆಮ್ಲಜನಕದ ಕವಾಟ ಹೆಪ್ಪುಗಟ್ಟದಂತೆ ಬಿಸಿಯಿಡಲು ತಲೆಗೂದಲು ಒಣಗಿಸುವ ಸಾಧನವನ್ನು ಅಳವಡಿಸಿತ್ತು. ಅದಕ್ಕೆ ವಿದ್ಯುತ್ ಸಾಲದೆ ಕವಾಟ ಹೆಪ್ಪುಗಟ್ಟಿ ನಿಂತಿತು, ಉಡಾವಣೆ ಮರುವರ್ಷಕ್ಕೆ ಹೋಯಿತು. ಸ್ಪೇನಿನ ಪಿಎಲ್‌ಡಿ ಸ್ಪೇಸ್ ಕಂಪನಿಯ ‘ಮಿಯುರಾ-1’ 2023ರ ಜೂನ್ 17ರಂದು ಇಂಜಿನ್ ಹೊತ್ತಿಕೊಂಡ ಮೇಲೆ ತಾನಾಗಿಯೇ ಆರಿತು, ಏಕೆಂದರೆ ನೆಲದಿಂದ ರಾಕೆಟ್‌ಗೆ ಬರುವ ಕೇಬಲ್‌ಗಳಲ್ಲಿ ಕೆಲವು ಸರಿಯಾದ ಗಳಿಗೆಯಲ್ಲಿ ಕಳಚಿಕೊಳ್ಳಲಿಲ್ಲ. ಅದೇ ವರ್ಷ ಅಕ್ಟೋಬರ್ 7ರಂದು ಅದು ಹಾರಿ 46 ಕಿ.ಮೀ. ಎತ್ತರ ಮುಟ್ಟಿತು, ಅಟ್ಲಾಂಟಿಕ್‌ಗೆ ಇಳಿದ ರಾಕೆಟ್ಟನ್ನು ಮರಳಿ ಪಡೆಯುವ ಯೋಜನೆ ಮಾತ್ರ ಕೈಗೂಡಲಿಲ್ಲ.

ಈ ವಿಷಯದಲ್ಲಿ ಅತ್ಯಂತ ಉಪಯುಕ್ತವಾದ ಅಧ್ಯಯನವೆಂದರೆ ಜಪಾನಿನ ಇಂಟರ್‌ಸ್ಟೆಲ್ಲರ್ ಟೆಕ್ನಾಲಜೀಸ್ ಕಂಪನಿಯ ‘ಮೊಮೊ’ ಸರಣಿ. ಹೊಕ್ಕೈಡೊ ದ್ವೀಪದ ತೈಕಿ ಎಂಬ ಪುಟ್ಟ ಊರಿನಿಂದ ಹಾರುತ್ತಿದ್ದ ಈ ರಾಕೆಟ್ ಸುಮಾರು ಹತ್ತು ಮೀಟರ್ ಉದ್ದ, ಅರ್ಧ ಮೀಟರ್ ವ್ಯಾಸದ, ಎಥನಾಲ್ ಮತ್ತು ದ್ರವ ಆಮ್ಲಜನಕದಿಂದ ಉರಿಯುವ ಸರಳ ವಾಹನ. ಇಂಧನವನ್ನು ನೂಕುವ ಟರ್ಬೊಪಂಪ್ ಎಂಬ ಯಂತ್ರ ಇಲ್ಲ, ಹೀಲಿಯಂ ಒತ್ತಡವೇ ಇಂಧನವನ್ನು ಇಂಜಿನ್ನಿಗೆ ತಳ್ಳುತ್ತದೆ. 2017ರ ಜುಲೈನ ಮೊದಲ ಹಾರಾಟದಲ್ಲಿ ಒಂದು ನಿಮಿಷದ ನಂತರ ಸಂಪರ್ಕ ಕಡಿದುಹೋಯಿತು. 2018ರ ಜೂನ್‌ನ ಎರಡನೆಯದು ಕೆಲವೇ ಸೆಕೆಂಡು ಮೇಲೇರಿ ಮರಳಿ ವೇದಿಕೆಯ ಮೇಲೆಯೇ ಬಿದ್ದು ಸ್ಫೋಟಿಸಿತು, ಮೂಲ ಕಾರಣ ದೊಡ್ಡ ಇಂಜಿನ್ನಿನಲ್ಲಿರದೆ, ರಾಕೆಟ್ ಸುತ್ತದಂತೆ ತಡೆಯಬೇಕಿದ್ದ ಬಿಸಿ ಅನಿಲದ ಸಣ್ಣ ಥ್ರಸ್ಟರ್‌ನ ಕಡೆ ಇತ್ತು. 2019ರ ಮೇ 4ರಂದು ಮೂರನೆಯದು 113 ಕಿ.ಮೀ. ಮುಟ್ಟಿ, ಜಪಾನಿನ ಖಾಸಗಿ ಕಂಪನಿಯೊಂದು ತಾನೇ ಕಟ್ಟಿ ಬಾಹ್ಯಾಕಾಶಕ್ಕೆ ಕಳಿಸಿದ ಮೊದಲ ರಾಕೆಟ್ ಎನಿಸಿತು. ಅಲ್ಲಿಗೆ ಕಥೆ ಮುಗಿದಿದ್ದರೆ ನಾನು ಅದನ್ನು ನಿಮಗೆ ಹೇಳುತ್ತಿರಲಿಲ್ಲ. ನಾಲ್ಕನೆಯದು ಮತ್ತೆ ವಿಫಲವಾಯಿತು. 2020ರ ಐದನೆಯದರಲ್ಲಿ ಗ್ರಾಫೈಟ್ ನಾಜಲ್ ಒಡೆಯಿತು. ಆಗ ಕಂಪನಿ ಹಾರಿಸುವುದನ್ನು ನಿಲ್ಲಿಸಿ, ಬಿಡಿಭಾಗಗಳಿಂದ ಹಿಡಿದು ನೆಲದ ವ್ಯವಸ್ಥೆಯವರೆಗೆ ವಿನ್ಯಾಸವನ್ನೇ ಮರುಪರಿಶೀಲಿಸಿ, 2021ರ ಜುಲೈ ತಿಂಗಳೊಂದರಲ್ಲೇ ಎರಡು ಹಾರಾಟಗಳನ್ನು ಯಶಸ್ವಿಯಾಗಿ ಮಾಡಿತು. ಒಂದು ಸಲ ಗೆದ್ದದ್ದಕ್ಕೂ ಬೇಕೆಂದಾಗ ಗೆಲ್ಲುವುದಕ್ಕೂ ನಡುವೆ ಆ ತಂಡಕ್ಕೆ ಎರಡು ವರ್ಷಗಳು ಬೇಕಾದವು.

ಎಲ್ಲವನ್ನೂ ಒಮ್ಮೆಗೇ ಹೊಸದಾಗಿ ಕಟ್ಟಹೊರಟು ಎಡವಿದ ಖಾಸಗಿಯವರೂ ಉಂಟು. 1981ರ ಆಗಸ್ಟಿನಲ್ಲಿ ಟೆಕ್ಸಾಸ್‌ನ ಮಟಗೋರ್ಡಾ ದ್ವೀಪದಲ್ಲಿ ಸ್ಪೇಸ್ ಸರ್ವಿಸಸ್ ಕಂಪನಿಯ ‘ಪರ್ಚರಾನ್’ ಎಂಬ ದ್ರವ ಇಂಧನದ ರಾಕೆಟ್ ಇಂಜಿನ್ ಪರೀಕ್ಷೆಯಲ್ಲೇ ಸ್ಫೋಟಿಸಿತು. ಕಂಪನಿ ಹೊಸದನ್ನು ಕಟ್ಟುವ ಹಂಬಲ ಬಿಟ್ಟು, ಮಿನಿಟ್‌ಮನ್ ಕ್ಷಿಪಣಿಯ ಎರಡನೆಯ ಹಂತದ ಘನ ಮೋಟಾರನ್ನು ತಂದು ಅದರ ಸುತ್ತ ‘ಕೊನೆಸ್ಟೋಗಾ-1’ನ್ನು ರೂಪಿಸಿತು. ಬಾಹ್ಯಾಕಾಶ ಯಾತ್ರಿಯಾಗಿದ್ದ ಡೀಕ್ ಸ್ಲೇಟನ್ ಅವರ ಮೇಲ್ವಿಚಾರಣೆಯಲ್ಲಿ 1982ರ ಸೆಪ್ಟೆಂಬರ್ 9ರಂದು ಅದು 300 ಕಿ.ಮೀ. ಮೀರಿ ಏರಿತು, ಖಾಸಗಿ ಹಣದಿಂದ ಬಾಹ್ಯಾಕಾಶ ಮುಟ್ಟಿದ ಮೊದಲ ರಾಕೆಟ್ ಎಂಬ ಹೆಸರು ಅದಕ್ಕೆ ಬಂತು. ನೀವು ತಂಡ ಕಟ್ಟುವವರಾದ್ದರಿಂದ ಈ ಪ್ರಸಂಗವನ್ನು ಹೇಳಿದೆ: ಪರೀಕ್ಷಿತ ಮೋಟಾರು ಕೈಯಲ್ಲಿದ್ದರೆ ಉಳಿದ ವ್ಯವಸ್ಥೆಗಳ ಮೇಲೆ ಗಮನವಿಡಬಹುದು, ಎಲ್ಲವನ್ನೂ ಒಮ್ಮೆಗೇ ಹೊಸದಾಗಿ ಮಾಡಹೊರಟವರು ಯಾವುದು ಕೈಕೊಟ್ಟಿತೆಂದು ತಿಳಿಯಲೂ ಕಷ್ಟಪಡುತ್ತಾರೆ.

ಈಗ ನಮ್ಮ ಕಂಪನಿಗಳಿಗೆ ಬರೋಣ. ಹೈದರಾಬಾದಿನ ಸ್ಕೈರೂಟ್ ಏರೋಸ್ಪೇಸ್ 2022ರ ನವೆಂಬರ್ 18ರಂದು ಶ್ರೀಹರಿಕೋಟಾದ ಸೌಂಡಿಂಗ್ ರಾಕೆಟ್ ಸಂಕೀರ್ಣದಿಂದ ಹಾರಿಸಿದ ವಿಕ್ರಮ್-ಎಸ್ ಆರು ಮೀಟರ್ ಉದ್ದದ, 545 ಕೆ.ಜಿ. ತೂಕದ, ಒಂದೇ ಹಂತದ ಘನ ಇಂಧನದ ರಾಕೆಟ್. ಮೂರು ಪೇಲೋಡ್‌ಗಳನ್ನು (ಒಯ್ಯಬೇಕಾದ ಉಪಕರಣಗಳನ್ನು) ಹೊತ್ತು ಅದು 89.5 ಕಿ.ಮೀ. ಎತ್ತರ ಮುಟ್ಟಿತು. ಕಂಪನಿಗೆ ಅದು ಕಾರ್ಬನ್ ಸಂಯುಕ್ತದ ಕವಚ, ಏವಿಯಾನಿಕ್ಸ್ (ಹಾರಾಟದ ಎಲೆಕ್ಟ್ರಾನಿಕ್ಸ್), ಟೆಲಿಮೆಟ್ರಿ (ದತ್ತಾಂಶವನ್ನು ನೆಲಕ್ಕೆ ಕಳಿಸುವ ವ್ಯವಸ್ಥೆ) ಮುಂತಾದವನ್ನು ನಿಜವಾದ ಹಾರಾಟದ ಕಂಪನ ಮತ್ತು ಬಿಸಿಗೆ ಒಡ್ಡಿ ನೋಡುವ ಅವಕಾಶವಾಗಿತ್ತು. ಅದರ ಗುರಿ ಕಕ್ಷೆಗೆ ಹೋಗುವ ವಿಕ್ರಮ್-1. ಚೆನ್ನೈನ ಅಗ್ನಿಕುಲ್ ಕಾಸ್ಮಾಸ್ 2024ರ ಮೇ 30ರಂದು ಶ್ರೀಹರಿಕೋಟಾದಲ್ಲಿ ತಾನೇ ಕಟ್ಟಿಕೊಂಡ ಉಡಾವಣಾ ವೇದಿಕೆಯಿಂದ ಹಾರಿಸಿದ ಅಗ್ನಿಬಾಣದ ದಾರಿ ಬೇರೆ: ಒಂದೇ ತುಂಡಾಗಿ 3ಡಿ ಮುದ್ರಿಸಿದ, ದ್ರವ ಆಮ್ಲಜನಕ ಮತ್ತು ವಿಮಾನ ಇಂಧನದಿಂದ ನಡೆಯುವ ಅರೆ-ಕ್ರಯೋಜೆನಿಕ್ ಇಂಜಿನ್. ಹಲವು ಬಾರಿ ಕೊನೆಯ ಗಳಿಗೆಯಲ್ಲಿ ಮುಂದೂಡಿದ ಮೇಲೆ ಅದು ಹಾರಿತು, ಆ ಮುಂದೂಡಿಕೆಗಳನ್ನು ಸೋಲೆಂದು ಬರೆದವರು ಈ ಕೆಲಸದ ಸ್ವರೂಪವನ್ನು ಅರಿತಿರಲಿಲ್ಲ. ದೋಷವನ್ನು ನೆಲದ ಮೇಲೆಯೇ ಹಿಡಿದು ನಿಲ್ಲಿಸುವ ಕಂಪ್ಯೂಟರು ಸರಿಯಾಗಿಯೇ ತನ್ನ ಕೆಲಸ ಮಾಡಿತ್ತು.

ನನ್ನ ಕಳವಳ ಬೇರೆಯದು. ನಮ್ಮಲ್ಲಿ ಉಪಕಕ್ಷೀಯ, ಅಂದರೆ ಕಕ್ಷೆ ಸೇರದ, ಹಾರಾಟವನ್ನು ಒಂದು ಸಲದ ಪ್ರದರ್ಶನವಾಗಿ ನೋಡಿ, ಚಪ್ಪಾಳೆ ತಟ್ಟಿ, ಮುಂದಿನ ದೊಡ್ಡ ರಾಕೆಟ್‌ಗೆ ಹೋಗುವ ಅವಸರವಿದೆ. ಹೂಡಿಕೆದಾರರ ದೃಷ್ಟಿಯಿಂದ ಅದು ಸಹಜವಿರಬಹುದು. ಆದರೆ ಮೊಮೊದ ಇತಿಹಾಸ ನೋಡಿದರೆ ಮೂರನೆಯ ಹಾರಾಟದ ಯಶಸ್ಸಿಗಿಂತ ಐದನೆಯದರ ಸೋಲು ಹೆಚ್ಚು ಕಲಿಸಿದೆ, ಅದು ಮತ್ತೆ ಮತ್ತೆ ಹಾರಿಸಿದವರಿಗೆ ಮಾತ್ರ ಸಿಗುವ ಪಾಠ. ವಿಕ್ರಮ್-ಎಸ್ ಹಾರಿದ ಐದೇ ದಿನಗಳ ನಂತರ, ನವೆಂಬರ್ 23ರಂದು, ಕೇರಳದ ತುಂಬಾದಲ್ಲಿ ಇಸ್ರೋದ ಆರ್‌ಎಚ್-200 ಸೌಂಡಿಂಗ್ ರಾಕೆಟ್ ಸತತ 200ನೆಯ ಯಶಸ್ವಿ ಹಾರಾಟವನ್ನು ಪೂರೈಸಿತು. ಪತ್ರಿಕೆಗಳಲ್ಲಿ ಮೊದಲನೆಯದಕ್ಕೆ ಸಿಕ್ಕ ಜಾಗ ಎರಡನೆಯದಕ್ಕೆ ಸಿಗಲಿಲ್ಲ. ಇಂಜಿನಿಯರ್ ಆಗಿ ನಾನು ಎರಡನೆಯದನ್ನೇ ಹೆಚ್ಚು ಗೌರವಿಸುತ್ತೇನೆ, ನಮ್ಮ ಖಾಸಗಿ ಕಂಪನಿಗಳಲ್ಲಿ ಒಂದಾದರೂ ಅಂತಹ ಸಾಧಾರಣ, ಅಗ್ಗದ, ನಂಬಿಕೆಗೆ ಅರ್ಹವಾದ ರಾಕೆಟ್ಟನ್ನು ವರ್ಷಕ್ಕೆ ಹಲವು ಬಾರಿ ಹಾರಿಸುವಂತಾಗಲಿ ಎಂದು ಮನಸಾರೆ ಬಯಸುತ್ತೇನೆ.

ಅದಕ್ಕೆ ಗ್ರಾಹಕರಿದ್ದಾರೆಯೇ ಎಂದು ನೀವು ಕೇಳಬಹುದು. ಇದ್ದಾರೆ, ಮೊದಲನೆಯವರು ವಿಜ್ಞಾನಿಗಳು. ವಿಜ್ಞಾನದ ಬಲೂನುಗಳು ಸುಮಾರು 40 ಕಿ.ಮೀ.ವರೆಗೆ ಮಾತ್ರ ಏರಬಲ್ಲವು. ಉಪಗ್ರಹಗಳು 150 ಕಿ.ಮೀ.ಗಿಂತ ಕೆಳಗೆ ಗಾಳಿಯ ತಡೆಯಿಂದಾಗಿ ಉಳಿಯಲಾರವು. ಇವೆರಡರ ನಡುವಿನ ವಾಯುಮಂಡಲದೊಳಗೆ ಉಪಕರಣವನ್ನು ಇಟ್ಟು ನೇರವಾಗಿ ಅಳೆಯಲು ಸೌಂಡಿಂಗ್ ರಾಕೆಟ್ ಬಿಟ್ಟರೆ ಬೇರೆ ಸಾಧನವಿಲ್ಲ. 1963ರ ನವೆಂಬರ್ 21ರಂದು ಅಮೆರಿಕದ ನೈಕಿ-ಅಪಾಚೆ ರಾಕೆಟ್ ಸೋಡಿಯಂ ಆವಿಯ ಪೇಲೋಡ್ ಹೊತ್ತು ತುಂಬಾದಿಂದ ಏರಿ ನಮ್ಮ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟದ್ದು ಇದೇ ಉದ್ದೇಶಕ್ಕೆ. ಭೂಕಾಂತೀಯ ಸಮಭಾಜಕ ವೃತ್ತ ಆ ಊರಿನ ಹತ್ತಿರ ಹಾದುಹೋಗುತ್ತದೆ, ಹಗಲಿನಲ್ಲಿ ಅಲ್ಲಿ ಸುಮಾರು 105 ಕಿ.ಮೀ. ಎತ್ತರದಲ್ಲಿ ಪೂರ್ವಾಭಿಮುಖವಾಗಿ ಬಲವಾದ ವಿದ್ಯುತ್ ಪ್ರವಾಹ ಹರಿಯುತ್ತದೆ. ಆ ಪ್ರವಾಹದ ನಡುವೆಯೇ ಹಾದುಹೋಗಿ ಅಳೆಯುವ ಸೌಲಭ್ಯ ನಮ್ಮ ಮನೆಬಾಗಿಲಿನಲ್ಲಿದೆ. ಸೂಕ್ಷ್ಮ ಗುರುತ್ವದ ಪ್ರಯೋಗಗಳು ಎರಡನೆಯ ಬಗೆಯವು: 100 ಕಿ.ಮೀ.ಗೆ ಏರಿ ಇಳಿಯುವ ರಾಕೆಟ್ಟಿನೊಳಗೆ, 60 ಕಿ.ಮೀ.ಗಿಂತ ಮೇಲಿರುವ ಅವಧಿಯಲ್ಲಿ, ಸುಮಾರು ಮೂರು ನಿಮಿಷ ಭಾರವಿಲ್ಲದ ಸ್ಥಿತಿ ಸಿಗುತ್ತದೆ. ಗೋಪುರದಿಂದ ಬೀಳಿಸುವ ಪ್ರಯೋಗಗಳಲ್ಲಿ ಸಿಗುವುದು ಕೆಲವೇ ಸೆಕೆಂಡು. ದ್ರವಗಳ ವರ್ತನೆ, ದಹನ, ಉಪಗ್ರಹದ ಬಿಡಿಭಾಗಗಳ ಪರೀಕ್ಷೆ ಇವಕ್ಕೆಲ್ಲ ಆ ಮೂರು ನಿಮಿಷ ದೊಡ್ಡ ಅವಧಿ.

ಕೊನೆಗೆ ನಿಮ್ಮ ತಂಡದ ವಿಷಯ. ಮೊದಲು ನೆಲದ ಲೆಕ್ಕ ಹೇಳುತ್ತೇನೆ. ನಿಯಂತ್ರಣವಿಲ್ಲದೆ 100 ಕಿ.ಮೀ.ಗೆ ಏರುವ ರಾಕೆಟ್ ನೇರ ಲಂಬದಿಂದ ಒಂದು ಡಿಗ್ರಿ ವಾಲಿದರೆ ಸುಮಾರು ಏಳು ಕಿ.ಮೀ. ದೂರ ಬೀಳುತ್ತದೆ; ದಾವಣಗೆರೆಯ ಹೊರವಲಯದಿಂದ ಹಾರಿಸಿದ್ದು ಎರಡು ಡಿಗ್ರಿ ವಾಲಿದರೆ ಹರಿಹರದ ಮನೆಗಳ ಮೇಲೆ ಬೀಳಬಹುದು. ಎಷ್ಟು ಎಚ್ಚರ ವಹಿಸಿದರೂ ಗಾಳಿ ಇಂತಹ ರಾಕೆಟ್ಟನ್ನು ಒಂದೆರಡು ಡಿಗ್ರಿ ವಾಲಿಸದೆ ಬಿಡುವುದಿಲ್ಲ. ಆದ್ದರಿಂದಲೇ ಎಲ್ಲರೂ ಸಮುದ್ರದ ಅಂಚನ್ನೋ ನಿರ್ಜನ ಮರುಭೂಮಿಯನ್ನೋ ಹುಡುಕುತ್ತಾರೆ. ಕರ್ನಾಟಕದ ಒಳನಾಡಿನಲ್ಲಿ ಇಂತಹ ಹಾರಾಟಕ್ಕೆ ಜಾಗವೇ ಇಲ್ಲ. ಕಾನೂನಿನ ಪ್ರಕಾರವೂ 2023ರ ಭಾರತೀಯ ಬಾಹ್ಯಾಕಾಶ ನೀತಿಯಂತೆ ಖಾಸಗಿಯವರ ಉಡಾವಣೆಗೆ ಇನ್-ಸ್ಪೇಸ್ ಸಂಸ್ಥೆಯ ಅಧಿಕೃತ ಅನುಮತಿ ಬೇಕು. ರಾಕೆಟ್ ಇಂಧನವನ್ನು ಪರವಾನಗಿಯಿಲ್ಲದೆ ಬೆರೆಸುವುದು, ಸಂಗ್ರಹಿಸುವುದು 1884ರ ಸ್ಫೋಟಕ ಕಾಯ್ದೆಯಡಿ ಅಪರಾಧವಾಗುತ್ತದೆ. ಕಾನೂನಿನ ಮಾತನ್ನು ಬದಿಗಿಟ್ಟರೂ, ಹಾಸ್ಟೆಲ್ ಕೋಣೆಯಲ್ಲೋ ಮನೆಯ ತಾರಸಿಯ ಮೇಲೋ ಇಂಧನ ಬೆರೆಸಿದವರು ಕೈಬೆರಳು, ಕಣ್ಣು, ಪ್ರಾಣ ಕಳೆದುಕೊಂಡಿದ್ದಾರೆ. ಈ ಒಂದು ವಿಷಯದಲ್ಲಿ ದಯವಿಟ್ಟು ಯಾವ ಪ್ರಯೋಗವನ್ನೂ ಮಾಡಬೇಡಿ.

ಆದರೂ ನಿಮ್ಮ ಪ್ರಶ್ನೆಗೆ ‘ಆಗದು’ ಎಂಬುದು ನನ್ನ ಉತ್ತರವಲ್ಲ. ನೂರು ಕಿಲೋಮೀಟರಿನ ರಾಕೆಟ್‌ನಲ್ಲಿ ಕೈಕೊಡುವ ಬಹುತೇಕ ವ್ಯವಸ್ಥೆಗಳು ಒಂದು ಕಿಲೋಮೀಟರಿನ ರಾಕೆಟ್‌ನಲ್ಲೂ ಇರುತ್ತವೆ, ಅಲ್ಲಿಯೂ ಅವು ಕೈಕೊಡುತ್ತವೆ. ಇನ್-ಸ್ಪೇಸ್ ಮತ್ತು ಆಸ್ಟ್ರೋನಾಟಿಕಲ್ ಸೊಸೈಟಿ ಆಫ್ ಇಂಡಿಯಾ ಸೇರಿ ವಿದ್ಯಾರ್ಥಿಗಳಿಗಾಗಿ ಮಾಡೆಲ್ ರಾಕೆಟ್ ಮತ್ತು ಕ್ಯಾನ್‌ಸ್ಯಾಟ್ (ಡಬ್ಬಿಯಷ್ಟು ಪುಟ್ಟ ಮಾದರಿ ಉಪಗ್ರಹ) ಸ್ಪರ್ಧೆಗಳನ್ನು ನಡೆಸುತ್ತಿವೆ. ಅಲ್ಲಿ ಸುಮಾರು ಒಂದು ಕಿಲೋಮೀಟರ್ ಎತ್ತರಕ್ಕೆ, ಪರವಾನಗಿಯುಳ್ಳವರು ಒದಗಿಸಿದ ಮೋಟಾರಿನೊಂದಿಗೆ, ಸುರಕ್ಷಿತ ಜಾಗದಿಂದ ಹಾರಿಸಬಹುದು. ಅಮೆರಿಕದಲ್ಲಿ ನಡೆಯುವ ಅಂತರ-ಕಾಲೇಜು ಸ್ಪರ್ಧೆಗಳಲ್ಲಿ ಮೂರು ಮತ್ತು ಒಂಬತ್ತು ಕಿಲೋಮೀಟರ್ ಎತ್ತರದ ವಿಭಾಗಗಳಿವೆ, ಭಾರತದ ಕಾಲೇಜುಗಳೂ ಅವುಗಳಲ್ಲಿ ಭಾಗವಹಿಸಿವೆ.

ಏಳೆಂಟು ಮಂದಿಯಲ್ಲಿ ಆರು ಜನ ಮೋಟಾರಿನ ಹಿಂದೆ ಬೀಳುವುದು ಪ್ರತಿ ಕಾಲೇಜಿನಲ್ಲೂ ನಡೆಯುವ ಸಂಗತಿ. ಇಬ್ಬರಿಗೆ ಪ್ಯಾರಾಚೂಟು ಮತ್ತು ಅದನ್ನು ಹೊರದೂಡುವ ವ್ಯವಸ್ಥೆಯನ್ನಷ್ಟೇ ಇಡೀ ವರ್ಷದ ಕೆಲಸವಾಗಿ ಒಪ್ಪಿಸಿ. ಕಪ್ಪು ಮದ್ದಿನಿಂದ ಮೂಗನ್ನು ಕಳಚುವ ವಿಧಾನ ಕೆಳಮಟ್ಟದಲ್ಲಿ ಚೆನ್ನಾಗಿ ನಡೆಯುತ್ತದೆ, ಗಾಳಿಯಿಲ್ಲದ ಎತ್ತರದಲ್ಲಿ ಆ ಮದ್ದು ಪೂರ್ತಿ ಉರಿಯುವುದಿಲ್ಲ. ಹಾಗಾಗಿ ಮುಚ್ಚಿದ ಕೊಳವೆಯೊಳಗೆ ಉರಿಸುವುದೋ ಒತ್ತಿಟ್ಟ ಅನಿಲವನ್ನು ಬಳಸುವುದೋ ಎಂದು ಅವರು ಮೊದಲೇ ನಿರ್ವಾತ ಪಾತ್ರೆಯಲ್ಲಿ ಪರೀಕ್ಷಿಸಿ ತೀರ್ಮಾನಿಸಲಿ. ಇನ್ನೊಬ್ಬರು ‘ಓಪನ್‌ರಾಕೆಟ್’ ಎಂಬ ಉಚಿತ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯ ನಂತರವೂ ಸ್ಥಿರತೆಯ ಲೆಕ್ಕವನ್ನು ಹೊಸದಾಗಿ ಮಾಡಲಿ, ತೂಕವನ್ನು ಕಾಗದದಿಂದ ನಕಲು ಮಾಡದೆ ಪ್ರತಿ ಭಾಗವನ್ನೂ ತಕ್ಕಡಿಯ ಮೇಲಿಟ್ಟು ಬರೆಯಲಿ. ರಾಕೆಟ್ಟಿನೊಳಗೆ ಬೇರೆ ಬೇರೆ ತಯಾರಿಕೆಯ ಎರಡು ಫ್ಲೈಟ್ ಕಂಪ್ಯೂಟರ್‌ಗಳಿರಲಿ, ಎರಡಕ್ಕೂ ಪ್ರತ್ಯೇಕ ಬ್ಯಾಟರಿ, ಪ್ರತ್ಯೇಕ ಸ್ವಿಚ್ಚು, ಪ್ರತ್ಯೇಕ ತಂತಿ ಇರಲಿ. ಮೊದಲ ಹಾರಾಟ ಮುಗಿದ ಮೇಲೆ ಎರಡೂ ಕಂಪ್ಯೂಟರ್‌ಗಳು ದಾಖಲಿಸಿದ ಎತ್ತರವನ್ನು ಒಂದೇ ಹಾಳೆಯ ಮೇಲೆ ಬಿಡಿಸಿ. ಅವುಗಳ ನಡುವಿನ ವ್ಯತ್ಯಾಸಕ್ಕೆ ಕಾರಣ ಸಿಗುವವರೆಗೆ ಎರಡನೆಯ ರಾಕೆಟ್ಟಿನ ಕೆಲಸಕ್ಕೆ ಕೈಹಾಕಬೇಡಿ.